ಡ್ರೈವರ್ ಬಂದನೇ?

ನಮ್ಮ ತಂದೆಯವರು ಚನ್ನರಾಯಪಟ್ಟಣ ಸೀಮೆಯ ಬೂಕನಬೆಟ್ಟದ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಕೊಳ್ಳುತ್ತಿದ್ದ ಕ್ರಮವನ್ನು ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡವನು: ಬಾಯಿ ಬಿಡಿಸಿ ಹಲ್ಲೆಣಿಸಿ, ಸುಳಿ ನೋಡಿ, ಗೊರಸು ತಟ್ಟಿ, ನಾಲ್ಕು ಮಾರು ನಡೆಸಿ, ಕಟ್ಟಕಡೆಗೆ ದಲ್ಲಾಳಿಯೊಡನೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಗೊತ್ತುಮಾಡುವ ವೇಳೆಗೆ ಹೊತ್ತು ಇಳಿದಿರುತ್ತಿತ್ತು. ಅಂಥವರ ಮಗನಾಗಿ ಹುಟ್ಟಿಯೂ ನಾನು ಹಾಸನದ ಅಂಗಡಿಯೊಂದರಲ್ಲಿ, ಬಣ್ಣ ಚೆನ್ನಾಗಿದೆಯೆಂಬ ಏಕಮಾತ್ರ ಕಾರಣದಿಂದ, ಕಾಲು ಗಂಟೆಯೊಳಗೆ ಲ್ಯಾಪ್‌ಟಾಪೊಂದನ್ನು ಕೊಂಡು ಬಗಲಿಗೇರಿಸಿ ಶೆಟ್ಟಿಹಳ್ಳಿಗೆ ಮರಳಿದೆನೆಂಬುದು ನಮ್ಮ ವಂಶದ ಅವನತಿಗೆ ಸಾಕ್ಷಿ.

ಆ ಯಂತ್ರ ನನಗೆ ಬೇಕಾಗಿದ್ದುದು ನಮ್ಮೂರ ಚರ್ಚಿನ ಸಲುವಾಗಿ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದರೆನ್ನುವ ಆ ಕಟ್ಟಡ, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಂದಿನಿಂದ, ಮಳೆಗಾಲದಲ್ಲಿ ಎದೆಮಟ್ಟ ನೀರಿನಲ್ಲಿ ನಿಂತು ಬೇಸಗೆಯಲ್ಲಿ ಬುಡಸಮೇತ ಒಣಗುತ್ತದೆ. ವರ್ಷವಿಡೀ ಒಂದೇ ಬದುವಿನ ಮೇಲೆ ನಿಂತು ನಾನು ತೆಗೆದ ಚಿತ್ರಗಳನ್ನೆಲ್ಲ ಪೋಣಿಸಿ, ನೀರು ಏರಿಳಿಯುವುದನ್ನು ಎರಡು ನಿಮಿಷದ ಚಲಚ್ಚಿತ್ರವಾಗಿಸಬೇಕೆಂಬುದು ನನ್ನ ಹಂಬಲ.

ಮೂರು ವರ್ಷ ನೆಟ್ಟಗೆ ನಡೆದ ಯಂತ್ರವು ಒಂದು ರಾತ್ರಿ, ವಿಂಡೋಸ್ ತನ್ನನ್ನು ತಾನೇ ನವೀಕರಿಸಿಕೊಂಡ ಬಳಿಕ, ಚರ್ಚಿನ ಕಮಾನುಗಳನ್ನು ಹಸಿರು ಪಟ್ಟೆಗಳಾಗಿ ಸೀಳಿ, ಕತ್ತಲಾಗಿ, ಕ್ಷಣಾರ್ಧದಲ್ಲಿ ಏನೂ ಅರಿಯದ ಮುಗ್ಧೆಯಂತೆ ಮತ್ತೆ ಬೆಳಗಿತು. ರಜಕ್ಕೆ ಬಂದಿದ್ದ ಮೊಮ್ಮಗ ಇಣುಕಿ ನೋಡಿ, “ತಾತ, ಗ್ರಾಫಿಕ್ಸ್ ಡ್ರೈವರ್ ಹಳೇದು” ಎಂದ.

“ಕಂಪ್ಯೂಟರಿಗೂ ಡ್ರೈವರಾ? ಸಂಬಳ ಯಾರು ಕೊಡ್ತಾರೆ?” ಎಂದು ಒಳಗಿನಿಂದ ನಮ್ಮವಳ ಧ್ವನಿ ಬಂತು.

ಹಾಸ್ಯಕ್ಕೆ ಕೇಳಿದ್ದಾದರೂ ಮರ್ಮವೆಲ್ಲ ಆ ಪ್ರಶ್ನೆಯಲ್ಲೇ ಅಡಗಿತ್ತು. ಡ್ರೈವರೆಂದರೆ ವಿಂಡೋಸಿನ ಮಾತನ್ನು ಪರದೆಯ ಚಿತ್ರ ಮೂಡಿಸುವ ಚಿಪ್ಪಿಗೆ ತಿಳಿಯುವ ಭಾಷೆಯಲ್ಲಿ ಹೇಳುವ ದುಭಾಷಿ. ಅದನ್ನು ಬರೆಯುವವನು ಚಿಪ್ಪಿನ ತಯಾರಕ, ತಿದ್ದಿ ಮುದ್ರೆಯೊತ್ತುವವನು ಲ್ಯಾಪ್‌ಟಾಪಿನ ತಯಾರಕ. ಮೊದಲನೆಯವನನ್ನು ಕೇಳಿದರೆ ಎರಡನೆಯವನತ್ತ ಕೈತೋರಿಸಿದ. ಎರಡನೆಯವನ ಬಳಿಯಿದ್ದ ಕೊನೆಯ ಡ್ರೈವರಾದರೋ ನಾನು ಯಂತ್ರ ಕೊಂಡ ವರ್ಷದ್ದೇ ಆಗಿತ್ತು. ಕಂಡಕ್ಟರನನ್ನು ಕೇಳಿದರೆ ಕಂಟ್ರೋಲರನತ್ತ, ಕಂಟ್ರೋಲರನನ್ನು ಕೇಳಿದರೆ ಕಂಡಕ್ಟರನತ್ತ ಅಟ್ಟುವ ಈ ನಾಟಕವನ್ನು ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ನೋಡಿ ಪಳಗಿದ ನನಗೆ ಸಿಟ್ಟು ಬರಲಿಲ್ಲ. ಆದರೆ ಯಂತ್ರದ ಮೈಯಲ್ಲಿ ಒಂದು ಗೀರೂ ಇಲ್ಲದಿರುವುದನ್ನು ಕಂಡಾಗ ಮಾತ್ರ ನಮ್ಮ ಚರ್ಚಿನ ನೆನಪಾಯಿತು: ಗೋಡೆ ನಿಂತಿದೆ, ಗಂಟೆ ಹೊಡೆಯುವವರಿಲ್ಲ.

ಎರಡನೆಯ ಲ್ಯಾಪ್‌ಟಾಪಿಗೆ ಹೊರಟಾಗ ಮೊಮ್ಮಗನೇ ನನ್ನ ಗುರು. ಹಲ್ಲೆಣಿಸುವ ವಿದ್ಯೆಯನ್ನು ಅವನು ಹೊಸ ರೀತಿಯಲ್ಲಿ ಕಲಿಸಿದ: ಇಂದು ಮಾರುವ ಮಾದರಿಯನ್ನು ನೋಡಬೇಡ, ಅದೇ ಕಂಪನಿ ಮೂರು ವರ್ಷದ ಹಿಂದೆ ಮಾರಿದ ಮಾದರಿಗೆ ಕೊನೆಯ ಡ್ರೈವರನ್ನು ಯಾವ ತಿಂಗಳಲ್ಲಿ ಕೊಟ್ಟಿದೆಯೆಂದು ನೋಡು. ಇಂಟೆಲ್ ಸಂಸ್ಥೆಯು 2020ರಿಂದೀಚೆಗೆ, ಲ್ಯಾಪ್‌ಟಾಪಿನ ತಯಾರಕನ ಮುದ್ರೆಗೆ ಕಾಯದೆ ತನ್ನ ಡ್ರೈವರನ್ನೇ ನೇರವಾಗಿ ಹಾಕಿಕೊಳ್ಳಲು ದಾರಿಮಾಡಿದೆ. 2006ರಲ್ಲಿ ಎಟಿಐ ಕಂಪನಿಯನ್ನು ಕೊಂಡು ಗ್ರಾಫಿಕ್ಸಿಗಿಳಿದ ಎಎಂಡಿಯ ಡ್ರೈವರೂ, ಇಂಟೆಲಿನದೂ, ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸಿನ ಕರ್ನಲ್ಲೆಂಬ ತಿರುಳಿನೊಳಗೇ ಇರುವುದರಿಂದ ಅಲ್ಲಿ ಬೇರೆ ಹುಡುಕಾಟವಿಲ್ಲ. ಒಂದೇ ಯಂತ್ರದಲ್ಲಿ ಎರಡು ಚಿಪ್ಪುಗಳಿದ್ದರೆ ಡ್ರೈವರೂ ಎರಡು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು ಪರಸ್ಪರ ಎಳೆದಾಡಿದರೆ ಗಾಡಿಯ ಗತಿಯೇನೆಂಬುದನ್ನು ನನಗೆ ಅವನು ವಿವರಿಸಬೇಕಾಗಿರಲಿಲ್ಲ.

ಚಿಪ್ಪಿನ ಇನ್ನೊಬ್ಬ ತಯಾರಕ ಎನ್‌ವಿಡಿಯಾದ ಹೆಸರು ಬಂದಾಗ ಮೊಮ್ಮಗ ನಕ್ಕ. ಲಿನಕ್ಸಿನ ಜನಕ ಲೀನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ವಿಶ್ವವಿದ್ಯಾನಿಲಯವೊಂದರ ತುಂಬಿದ ಸಭೆಯಲ್ಲಿ, ಆ ಕಂಪನಿಯ ಅಸಹಕಾರದ ಬಗ್ಗೆ ಮಾತೆತ್ತಿ, ಕ್ಯಾಮೆರಾದತ್ತ ತಿರುಗಿ ನಡುಬೆರಳೆತ್ತಿ ತೋರಿಸಿದನಂತೆ. ನಮ್ಮ ಜಾತ್ರೆಯಲ್ಲಿ ಬೆರಳಿನ ವ್ಯವಹಾರವೆಲ್ಲ ಟವೆಲಿನಡಿ ನಡೆಯುವುದು ಸಭ್ಯತೆ. ಆದರೂ ಆತನ ಬಹಿರಂಗ ಬೆರಳು ನಿಷ್ಫಲವಾಯಿತೆನ್ನಲಾರೆ, ಹತ್ತು ವರ್ಷಗಳ ಮೇಲೆ, 2022ರಲ್ಲಿ, ಆ ಕಂಪನಿ ತನ್ನ ಡ್ರೈವರಿನ ಕರ್ನಲ್ ಭಾಗವನ್ನು ಲೋಕಕ್ಕೆ ತೆರೆದಿಟ್ಟಿತು.

ಇಷ್ಟೆಲ್ಲ ಕಂಠಪಾಠ ಮಾಡಿಕೊಂಡು ಅಂಗಡಿಯಲ್ಲಿ ಗಂಭೀರವಾಗಿ, “ಇದರ ಡ್ರೈವರು ಎಷ್ಟು ವರ್ಷ ಬರುತ್ತಾನಪ್ಪ?” ಎಂದು ಕೇಳಿದೆ. ಅಂಗಡಿಯ ಹುಡುಗ ಗಲ್ಲಾಪೆಟ್ಟಿಗೆಯವರ ಮುಖ ನೋಡಿದ. ಅವರು ನನ್ನ ಮೊಮ್ಮಗನ ಮುಖ ನೋಡಿದರು. “ಎಲ್ಲಾ ಒಳಗೇ ಇದೆ ಸಾರ್, ಬ್ಯಾಗು ಫ್ರೀ” ಎಂದ ಹುಡುಗ. ನಾವು ಮೂರು ಅಂಗಡಿ ತಿರುಗಿ, ಹೊತ್ತು ಇಳಿಸಿ, ಇಂಟೆಲಿನ ಒಂದೇ ಚಿಪ್ಪಿನ, ಬಣ್ಣದಲ್ಲಿ ಕೇವಲ ಬೂದಿಯನ್ನು ಹೋಲುವ ಯಂತ್ರವೊಂದನ್ನು ತಂದೆವು.

ವಾರ ಕಳೆದಿರಲಿಲ್ಲ, ಸಂಜೆ ಚರ್ಚಿನ ಚಿತ್ರ ತೆರೆದು ಕುಳಿತಿದ್ದೆ, ಪರದೆ ಫಕ್ಕನೆ ಕತ್ತಲಾಯಿತು. ನಾನು ಎದೆ ಹಿಡಿದುಕೊಂಡೆ. ಮರುಕ್ಷಣವೇ ಕಮಾನುಗಳು ಒಂದು ಗೆರೆಯೂ ಅಲುಗದಂತೆ ಮೂಡಿನಿಂತವು; ಮೂಲೆಯಲ್ಲಿ, ಡ್ರೈವರ್ ನವೀಕರಣಗೊಂಡಿದೆಯೆಂಬ ಪುಟ್ಟ ಒಕ್ಕಣೆ.

“ಏನ್ರೀ, ಬಂದನಾ ನಿಮ್ಮ ಡ್ರೈವರು?” ಎಂದು ಕಾಫಿ ಲೋಟ ಇಡುತ್ತ ಕೇಳಿದಳು ನಮ್ಮವಳು.

“ಬಂದ.”

“ಪುಣ್ಯವಂತರು. ಹಾಸನದ ಬಸ್ಸಿನವನು ಇನ್ನೂ ಬಂದಿಲ್ಲ.”