ಯೆಲ್ಲೋ ಹೌಸಿನ ಕುಲಗೋತ್ರ

ಜಯನಗರ, ಜೆ.ಪಿ. ನಗರದ ಕಡೆ ಡಿಸೆಂಬರ್ ಬಂತೆಂದರೆ ಮಕ್ಕಳಿಗೆ ಜಾತಕದಲ್ಲಿಲ್ಲದ ಹೊಸ ಗೋತ್ರವೊಂದು ಅಂಟಿಕೊಳ್ಳುತ್ತದೆ. ಲಿಫ್ಟಿನಲ್ಲಿ ಸಿಕ್ಕ ಮಗುವನ್ನು "ಯಾರ ಮಗಳಮ್ಮಾ ನೀನು?" ಎಂದು ಕೇಳಿ ನೋಡಿ. "ನಾನು ರೆಡ್ಡು ಅಂಕಲ್, ಇವನು ಗ್ರೀನು" ಎಂಬ ಉತ್ತರ ಬರುತ್ತದೆ. ಶಾಲೆಯ ಹೌಸು ಬೇರೆಯಾದರೆ ಸ್ಪೋರ್ಟ್ಸ್ ಡೇ ಮುಗಿಯುವ ತನಕ ಒಡಹುಟ್ಟಿದವರೂ ದಾಯಾದಿಗಳೇ.

ಶಾಲೆಯವರೇನೂ ಬರೀ ಬಣ್ಣ ಬಳಿದು ಕೈತೊಳೆದುಕೊಂಡವರಲ್ಲ. ಕೇಂದ್ರೀಯ ವಿದ್ಯಾಲಯಗಳಲ್ಲಿ ಶಿವಾಜಿ, ಟ್ಯಾಗೋರ್, ಅಶೋಕ, ರಾಮನ್ ಇದ್ದಾರೆ. ಬೇರೆ ಕಡೆ ಕಾವೇರಿ, ತುಂಗಾ, ಶರಾವತಿಯರು ಹರಿಯುತ್ತಾರೆ. ಆದರೆ ರಿಲೇಯ ಕೊನೇ ಸುತ್ತಿನಲ್ಲಿ "ಶರಾವತೀ" ಎಂದು ಕೂಗಿ ಮುಗಿಸುವಷ್ಟರಲ್ಲಿ ಓಟವೇ ಮುಗಿದಿರುತ್ತದೆ. "ಬ್ಲೂ! ಬ್ಲೂ!" ಎನ್ನಲು ಅರ್ಧ ಉಸಿರು ಸಾಕು. ಹಳದಿಯವರ ಪಾಡು ಮಾತ್ರ ಯಾರಿಗೂ ಬೇಡ. ಯೆಲ್ಲೋಗೆ ಪ್ರಾಸವಾಗಿ ಫೆಲೋ, ಬಫೆಲೋ ಎರಡೂ ಸಿಕ್ಕಿಬಿಟ್ಟಿರುವುದರಿಂದ, ಎಮ್ಮೆ ಹತ್ತದೆ ಹೈಸ್ಕೂಲು ದಾಟಿದ ಯೆಲ್ಲೋ ಹೌಸಿನವನನ್ನು ನಾನಂತೂ ಕಂಡಿಲ್ಲ. ನವೆಂಬರ್ 1ರಂದಷ್ಟೇ ಅವರಿಗೆ ಮರ್ಯಾದೆ. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಕನ್ನಡ ಬಾವುಟದಲ್ಲಿ ಹಳದಿಯೇ ಮೇಲೆ, ಕೆಂಪು ಕೆಳಗೆ!

ಈ ಹೌಸು ಇಂಗ್ಲೆಂಡಿನ ವಸತಿ ಶಾಲೆಗಳ ಬಳುವಳಿ. ಅಲ್ಲಿ ಹುಡುಗರು ನಿಜವಾಗಿಯೂ ಬೇರೆಬೇರೆ ಮನೆಗಳಲ್ಲಿ ಇರುತ್ತಿದ್ದರು. ನಮ್ಮವರು ಮೂರೂವರೆಗೆ ವ್ಯಾನು ಹತ್ತಿ ಬನಶಂಕರಿಗೆ ಬಂದು ಅಮ್ಮನ ಕೈಯ ಉಪ್ಪಿಟ್ಟು ತಿನ್ನುತ್ತಾರೆ.

ಬಣ್ಣದ ಕಥೆ ಇನ್ನೂ ಸ್ವಾರಸ್ಯದ್ದು. 1836ರಲ್ಲಿ ಆಕ್ಸ್‌ಫರ್ಡಿನ ವಿರುದ್ಧ ದೋಣಿ ಪಂದ್ಯಕ್ಕೆ ಹೊರಟ ಕೇಂಬ್ರಿಡ್ಜಿನವರು, ದೋಣಿಗೊಂದು ಗುರುತೇ ಇಲ್ಲವಲ್ಲ ಎಂದು ಕೊನೇ ಗಳಿಗೆಯಲ್ಲಿ ಅಂಗಡಿಗೆ ಓಡಿ ತಿಳಿನೀಲಿ ರಿಬ್ಬನ್ ತಂದು ಕಟ್ಟಿದರಂತೆ. 1858ರಲ್ಲಿ ಹಾರ್ವರ್ಡಿನ ಚಾರ್ಲ್ಸ್ ಎಲಿಯಟ್ ಮತ್ತು ಗೆಳೆಯರು, ದಡದಲ್ಲಿ ನಿಂತವರಿಗೆ ತಮ್ಮ ಗುರುತು ಸಿಗಲೆಂದು ಕೆಂಪು ರೇಷ್ಮೆ ಕರವಸ್ತ್ರ ಕೊಂಡುತಂದರು. ಎಲಿಯಟ್ ಮುಂದೆ ಆ ವಿಶ್ವವಿದ್ಯಾಲಯಕ್ಕೇ ಅಧ್ಯಕ್ಷರಾದರು. ಅಲ್ಲಿನ ತಂಡಗಳಿಗೆ ಇವತ್ತಿಗೂ 'ಕ್ರಿಮ್ಸನ್' ಎಂದೇ ಹೆಸರು. ಇಷ್ಟೆಲ್ಲ ಘನತೆಯ ಬುಡದಲ್ಲಿರುವುದು ಪಂದ್ಯಕ್ಕೆ ಮುಂಚಿನ ಗಡಿಬಿಡಿಯ ಬಟ್ಟೆ ವ್ಯಾಪಾರ, ಅಷ್ಟೇ.

ಆ ಪರಂಪರೆಯನ್ನು ಶ್ರದ್ಧೆಯಿಂದ ಉಳಿಸಿಕೊಂಡಿರುವುದು ನಮ್ಮ ಜಯನಗರದ ನಾಲ್ಕನೇ ಬ್ಲಾಕು. ರಾತ್ರಿ ಎಂಟೂವರೆಗೆ ಮಗಳ ಡೈರಿಯಿಂದ ಚೀಟಿ ಹೊರಬಿತ್ತು: ನಾಳೆ ಹಳದಿ ಟೀ ಶರ್ಟ್ ಕಡ್ಡಾಯ. ಕಾಂಪ್ಲೆಕ್ಸಿನ ಸುತ್ತ ಫುಟ್‌ಪಾತಿನ ಅಂಗಡಿಗಳಲ್ಲಿ ನನ್ನಂಥ ಅಪ್ಪಂದಿರದೇ ಜಾತ್ರೆ. ಹುಡುಗನೊಬ್ಬ ರಾಶಿಯೊಳಕ್ಕೆ ಮೊಣಕೈವರೆಗೆ ಕೈಹಾಕಿ ತಡಕಾಡಿ ಒಂದನ್ನು ಎಳೆದ.

"ಇದು ಆರೆಂಜ್ ಅಲ್ವೇನಪ್ಪಾ?"

"ದೂರದಿಂದ ನೋಡಿ ಸಾರ್, ಯೆಲ್ಲೋನೇ."

ದಡದಲ್ಲಿ ನಿಂತು ನೋಡುವವರ ಚಿಂತೆ ಎಲಿಯಟ್ಟರಿಗೆ ಇದ್ದಷ್ಟೇ ಇವನಿಗೂ ಇತ್ತು. ಕೊಂಡೆ. ಮಾರನೆಯ ದಿನ ಮೈದಾನದಲ್ಲಿ ಯೆಲ್ಲೋ ಹೌಸಿನ ಸಾಲು ಕಂಡಾಗ ಸಮಾಧಾನವಾಯಿತು. ನಿಂಬೆ, ಅರಿಶಿನ, ಸಾಸಿವೆ, ಮಾವು, ಒಬ್ಬಳದಂತೂ ಅಪ್ಪಟ ಕಾವಿ! ಆದರೂ "ಯೆಲ್ಲೋ" ಎಂದು ಕೂಗಿದಾಗ ಎಲ್ಲರೂ ಓಡಿದರು.

ಶಾಲೆಯವರಲ್ಲಿ ನನ್ನದು ಒಂದೇ ಅರಿಕೆ. ಹೌಸಿಗೆ ಯಾವ ಬಣ್ಣವನ್ನಾದರೂ ಕೊಡಿ, ಚೀಟಿಯನ್ನು ಮಾತ್ರ ಒಂದು ವಾರ ಮುಂಚೆ ಕಳಿಸಿ.