ಅಲ್ಪಮೌಲ್ಯ ಕ್ಷುರಿಕಾ ಮೀಮಾಂಸೆ
ಅಥವಾ ನೂರು ರೂಪಾಯಿಯೊಳಗಿನ ಚಾಕುವಿನ ಶಾಸ್ತ್ರವಿಚಾರ

ಮಂಗಳಾಚರಣೆ

ಶಾಸ್ತ್ರಗ್ರಂಥವನ್ನು ದೇವತಾಸ್ತುತಿಯಿಂದ ಆರಂಭಿಸುವುದು ವಾಡಿಕೆ. ಆಯುಧಕ್ಕೆ ಅಧಿದೇವತೆಯನ್ನು ಹುಡುಕುತ್ತ ಹೊರಟವರು ಮಹಾನವಮಿಯ ಆಯುಧಪೂಜೆಗೇ ಬಂದು ನಿಲ್ಲಬೇಕು. ಅಂದು ಚಾಮರಾಜನಗರದಲ್ಲಿ ಟ್ರ್ಯಾಕ್ಟರಿಗೆ ಬಾಳೆಕಂದು, ಬೈಕಿಗೆ ಚೆಂಡುಹೂವಿನ ಹಾರ, ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆಗೆ ವಿಭೂತಿ, ಕಂಪ್ಯೂಟರಿಗೂ ಕುಂಕುಮ. ಬೂದುಗುಂಬಳಕ್ಕೆ ಚೌಕನೆಯ ಕಿಂಡಿ ಕೊರೆದು ಒಳಗೆ ಕುಂಕುಮ, ಕಾಸು ತುಂಬುತ್ತಾರಲ್ಲ, ಆ ಕಿಂಡಿ ಕೊರೆದ ಚಾಕುವಿಗೆ ಮಾತ್ರ ಒಂದು ಬೊಟ್ಟೂ ಇಲ್ಲ. ನೆರೆದ ವಸ್ತುಗಳಲ್ಲೆಲ್ಲ ಆಯುಧ ಎನಿಸಿಕೊಳ್ಳುವ ಯೋಗ್ಯತೆ ಇರುವುದು ಅದೊಂದಕ್ಕೇ. ಈ ಶಾಸ್ತ್ರಲೋಪದ ಪ್ರಾಯಶ್ಚಿತ್ತಾರ್ಥವಾಗಿ ಪ್ರಸ್ತುತ ಪ್ರಬಂಧ.

ಅನುಬಂಧ ಚತುಷ್ಟಯ

ವಿಷಯ: ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಬಳಕೆಯಲ್ಲಿರುವ, ಯಾರೂ ಹೊಗಳದ, ಆದರೂ ಚೆನ್ನಾಗಿ ಕುಯ್ಯುವ ಅಗ್ಗದ ಚಾಕು. ಪ್ರಯೋಜನ: ಕುಯ್ಯುವುದು. ಸಂಬಂಧ: ಚಾಕುವಿಗೂ ಸೀಬೆಹಣ್ಣಿಗೂ ಇರುವುದು ಛೇದಕ-ಛೇದ್ಯ ಭಾವ, ಚಾಕುವಿಗೂ ಬೆರಳಿಗೂ ಆಗಾಗ ಅದೇ. ಅಧಿಕಾರಿ: ಕೈಯಲ್ಲಿ ನೂರು ರೂಪಾಯಿ ಇದ್ದು, ಅದನ್ನು ಪೂರ್ತಿ ಕಳೆಯಲು ಮನಸ್ಸಿಲ್ಲದವರು.

ಸ್ಥಳನಿರ್ದೇಶದ ಬಗ್ಗೆ ಒಂದು ಮಾತು. ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಹೆಸರಿನಲ್ಲೇ ಕೊಡಲಿ ಇದೆ ಎಂದು ಬೇರೆ ಸಂಶೋಧಕರಾಗಿದ್ದರೆ ಮೂರು ಅಧ್ಯಾಯ ಎಳೆಯುತ್ತಿದ್ದರು. ಕೊಡಲಿ ಜೇಬಿನಲ್ಲಿ ಹಿಡಿಸುವುದಿಲ್ಲವಾದ್ದರಿಂದ ನಾವು ಬಿಟ್ಟಿದ್ದೇವೆ.

ಲಕ್ಷಣ ವಿಚಾರ

‘ಜೇಬಿನಲ್ಲಿಟ್ಟುಕೊಳ್ಳುವ, ಕುಯ್ಯುವ ಸಾಧನವೇ ಜೇಬುಚಾಕು’ ಎಂದು ಲಕ್ಷಣ ಹೇಳಿದರೆ ಅತಿವ್ಯಾಪ್ತಿ ದೋಷ ಬರುತ್ತದೆ. ಅರ್ಧ ಬ್ಲೇಡನ್ನು ಕಾಗದದಲ್ಲಿ ಸುತ್ತಿಕೊಂಡು ಸಂತೆಗೆ ಬರುವ ಜೇಬುಗಳ್ಳನ ಉಪಕರಣವೂ ಇದರೊಳಗೆ ಸೇರಿಬಿಡುತ್ತದೆ. ಅದು ಇರುವುದು ಅವನ ಜೇಬಿನಲ್ಲಿ, ಕುಯ್ಯುವುದು ನಮ್ಮ ಜೇಬನ್ನು.

ಅವ್ಯಾಪ್ತಿ ದೋಷ ಇನ್ನೂ ದೊಡ್ಡದು. ಅರಿಶಿನದ ಹೊಲದಲ್ಲಿ, ಬಾಳೆತೋಟದಲ್ಲಿ, ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಿ ದಿನವಿಡೀ ಚಾಕು ಹಿಡಿಯುವ ಹೆಂಗಸರ ಸೀರೆಗೆ ಜೇಬೇ ಇಲ್ಲ. ಅವರ ಚಾಕು ಇರುವುದು ಸೊಂಟದ ಮಡಿಲಲ್ಲಿ, ಇಲ್ಲವೇ ಎಲೆಯಡಿಕೆ ಚೀಲದಲ್ಲಿ. ಈ ಚೀಲದ ಪರಂಪರೆ ಸಾಮಾನ್ಯವಾದುದಲ್ಲ. ಪಕ್ಕದ ಯಳಂದೂರಿನ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ರಾಣಿಯ ಎಲೆಯಡಿಕೆ ಸಂಚಿ ಹಿಡಿಯುತ್ತಿದ್ದು, ಸಂಚಿಯ ಹೊನ್ನಮ್ಮ ಎಂದೇ ಹೆಸರಾಗಿ ‘ಹದಿಬದೆಯ ಧರ್ಮ’ ಬರೆದರು. ಅವರ ಸಾಂಗತ್ಯವನ್ನು ವಿದ್ವಾಂಸರು ಬೇಕಾದಷ್ಟು ಚರ್ಚಿಸಿದ್ದಾರೆ. ಸಂಚಿಯೊಳಗೆ ಅಡಿಕೆ ಹೋಳು ಮಾಡುವುದಕ್ಕೆ ಏನಿತ್ತು ಎಂಬ ಮೂಲಭೂತ ಪ್ರಶ್ನೆಯನ್ನು ಭಾವೀ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಬಿಟ್ಟುಕೊಡುತ್ತಿದ್ದೇವೆ.

ಆದ್ದರಿಂದ ಪರಿಷ್ಕೃತ ಲಕ್ಷಣ ಹೀಗೆ: ‘ನೂರರ ನೋಟು ಕೊಟ್ಟರೆ ಚಿಲ್ಲರೆ ಹಿಂದಕ್ಕೆ ಬರತಕ್ಕದ್ದೂ, ಕಳೆದುಹೋದರೆ ಅಳು ಬಾರದ್ದೂ, ಕುಯ್ಯೆಂದರೆ ಕುಯ್ಯುವಂಥದ್ದೂ ಆದ ಮೈಮೇಲಿನ ವಸ್ತು.’

ಭೇದ ವಿಚಾರ

ಈ ಲಕ್ಷಣಕ್ಕೆ ಒಳಪಡುವ ಚಾಕುಗಳು ನಾಲ್ಕು ಬಗೆ.

ಒಂದು, ಜಾತ್ರೆ ಚಾಕು. ಬಣ್ಣದ ಪ್ಲಾಸ್ಟಿಕ್ ಹಿಡಿ, ಮಡಚುವ ಅಲಗು, ಮಡಚಿದ ಮೇಲೆ ತೆರೆಯಲು ನಮ್ಮ ಹಲ್ಲೇ ಗತಿ. ಚಾಮರಾಜೇಶ್ವರನ ತೇರು ಎಳೆಯುವುದು ಆಷಾಢದಲ್ಲಿ. ಬೇರೆ ಕಡೆ ಹೊಸ ದಂಪತಿಗಳನ್ನು ಅಗಲಿಸಿಡುವ ತಿಂಗಳಲ್ಲಿ ಇಲ್ಲಿ ಅವರು ಜೊತೆಯಾಗಿ ಬಂದು ತೇರಿಗೆ ಹಣ್ಣು-ಜವನ ಎಸೆಯುತ್ತಾರೆ. ಇಂಥ ಜಾತ್ರೆಗಳಲ್ಲಿ ಹೆಂಡತಿ ಬಳೆ ಆರಿಸುವಷ್ಟು ಹೊತ್ತು ಗಂಡ ಕೈಕಟ್ಟಿ ನಿಲ್ಲಬೇಕು. ಆ ಬಿಡುವಿನಲ್ಲಿ ಪಕ್ಕದ ಚಾಪೆಯ ಮೇಲಿನ ಚಾಕು ಅವನ ಕಣ್ಣಿಗೆ ಬೀಳುತ್ತದೆ. ಗಂಡಸು ತನಗಾಗಿ ತಾನೇ ಆರಿಸಿಕೊಳ್ಳುವ ಕೊನೆಯ ವಸ್ತು ಅದೇ ಎಂದು ಕೆಲವರ ಮತ.

ಎರಡು, ಗರ್ಭಸ್ಥ ಚಾಕು. ನೇಲ್ ಕಟರಿನ ಹೊಟ್ಟೆಯೊಳಗೆ ಬಾಟಲಿ ಮುಚ್ಚಳ ತೆಗೆಯುವ ಕೊಕ್ಕೆಯೊಡನೆ ಅವಳಿಯಾಗಿ ಹುಟ್ಟಿದ್ದು. ಮುಕ್ಕಾಲು ಪಾಲು ಮಂದಿ ಅದನ್ನು ಜನ್ಮದಲ್ಲಿ ಒಮ್ಮೆಯೂ ಹೊರಗೆಳೆದಿರುವುದಿಲ್ಲ.

ಮೂರು, ಕಟರ್. ಮೊಂಡಾದ ತುದಿಯನ್ನು ಲಟಕ್ಕನೆ ಮುರಿದರೆ ಹೊಸ ತುದಿ ಬರುವ ಈ ಅಲಗನ್ನು ಜಪಾನಿನ ಒಸಾಕದಲ್ಲಿ ಯೋಶಿಯೋ ಒಕಾಡ 1956ರಲ್ಲಿ ರೂಪಿಸಿದರು. ಒಡೆದ ಗಾಜಿನ ಅಂಚು, ಗೆರೆಗೆರೆಯಾಗಿ ಮುರಿಯುವ ಚಾಕೊಲೇಟ್, ಇವೆರಡರಿಂದ ಅವರಿಗೆ ಹೊಳೆದದ್ದಂತೆ. ಅನಿತ್ಯತೆಯನ್ನೇ ಹರಿತವಾಗಿಸಿದ ಈ ವಸ್ತುವನ್ನು ಬೌದ್ಧದರ್ಶನದ ಬೆಳಕಿನಲ್ಲಿ ಪ್ರತ್ಯೇಕವಾಗಿ ಅಧ್ಯಯನ ಮಾಡಬೇಕಾಗಿದೆ.

ನಾಲ್ಕು, ಈ ಪ್ರಬಂಧದ ನಾಯಕ: ಆಕ್ಸಾ ಬ್ಲೇಡಿನ ಚಾಕು. ಇದನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಪೈಪು, ಸರಳು ಕುಯ್ದು ಮುರಿದ ಗರಗಸದ ಅಲಗಿನ ಒಂದು ತುಂಡು, ಅದರ ಹಲ್ಲು ಸವೆಸಿ ತೆಗೆದ ಅಂಚು, ಹಿಡಿಯ ಜಾಗಕ್ಕೆ ಬಿಗಿಯಾಗಿ ಸುತ್ತಿದ ಸೈಕಲ್ ಟ್ಯೂಬು. ಪಂಪ್‌ಸೆಟ್ ರಿಪೇರಿಯವರು ವೈರು ಸುಲಿಯುವುದು, ಚಪ್ಪಲಿ ಹೊಲಿಯುವವರು ತೊಗಲು ಕುಯ್ಯುವುದು, ರೈತರು ಡ್ರಿಪ್ ಪೈಪು ಕತ್ತರಿಸುವುದು ಇದರಲ್ಲೇ. ಗೌರವಧನ ಶೂನ್ಯ.

ಪೂರ್ವಪಕ್ಷ

ಈಗ ಪ್ರತಿವಾದಿ ಎದ್ದು ನಿಲ್ಲುತ್ತಾನೆ. ‘ಚಾಕು ಎಂದರೆ ಸ್ವಿಟ್ಜರ್‌ಲೆಂಡಿನದು. ಕಾರ್ಲ್ ಎಲ್ಸೆನರ್ 1884ರಲ್ಲಿ ಕಾರ್ಖಾನೆ ತೆರೆದು 1891ರಿಂದ ಅಲ್ಲಿನ ಸೈನ್ಯಕ್ಕೆ ಚಾಕು ಕೊಟ್ಟರು. ಅಥವಾ ಫ್ರಾನ್ಸಿನದು. ಸವೋಯ್ ಪ್ರಾಂತ್ಯದ ಜೋಸೆಫ್ ಓಪಿನೆಲ್ 1890ರಲ್ಲಿ ಮಾಡಿದ ಮರದ ಹಿಡಿಯ ಚಾಕು ಜಗತ್ಪ್ರಸಿದ್ಧ. ಈಚೆಗೆ ವನೇಡಿಯಂ ಬೆರೆಸಿದ ಪುಡಿ-ಉಕ್ಕಿನ ಅಲಗುಗಳು ಬಂದಿವೆ, ಹರಿತ ತಿಂಗಳುಗಟ್ಟಲೆ ನಿಲ್ಲುತ್ತದೆ. ಸೈಕಲ್ ಟ್ಯೂಬು ಸುತ್ತಿದ ಕಬ್ಬಿಣದ ಚೂರಿಗೆ ಶಾಸ್ತ್ರವೇ?’

ಉತ್ತರ ಸರಳ. ಓಪಿನೆಲ್ ಹುಟ್ಟಿದ್ದು ಹಳ್ಳಿಗರ ಅಗ್ಗದ ಚಾಕುವಾಗಿಯೇ. ಅಲ್ಲಿನ ರೈತ ಅದರಲ್ಲಿ ಬ್ರೆಡ್ಡು, ಗಿಣ್ಣು ಕುಯ್ಯುತ್ತಿದ್ದ. ಪ್ರತಿವಾದಿ ಅದನ್ನು ಗಾಜಿನ ಬೀರುವಿನಲ್ಲಿಟ್ಟು, ಪಾರ್ಸೆಲ್ ಡಬ್ಬಿಯ ಟೇಪು ಕುಯ್ಯುವುದಕ್ಕೆ ಮಾತ್ರ ಹೊರತೆಗೆಯುತ್ತಾನೆ. ಯಾವ ಊರಿನ ಅಗ್ಗದ ಚಾಕುವೂ ಪರದೇಶಕ್ಕೆ ಹೋದ ಮೇಲೆ ದುಬಾರಿಯಾಗುತ್ತದೆ. ಗುಂಡ್ಲುಪೇಟೆಯ ಟ್ಯೂಬು ಸುತ್ತಿದ ಚಾಕುವಿಗೆ ಇನ್ನೂ ಪಾಸ್‌ಪೋರ್ಟ್ ಆಗಿಲ್ಲ, ಅಷ್ಟೇ.

ಸಿದ್ಧಾಂತ

ಮೊದಲನೆಯ ಸೂತ್ರ: ತೆಳುವೇ ಹರಿತದ ಮೂಲ. ಆಕ್ಸಾ ಎಂಬ ಕೈಗರಗಸದ ಅಲಗು ಸುಮಾರು 300 ಮಿ.ಮೀ. ಉದ್ದ, 12-13 ಮಿ.ಮೀ. ಅಗಲ, ದಪ್ಪ ಮುಕ್ಕಾಲು ಮಿ.ಮೀ.ಗಿಂತ ಕಡಿಮೆ. ದುಬಾರಿ ಚಾಕುಗಳ ಬೆನ್ನು ಸಾಮಾನ್ಯವಾಗಿ ಅದರ ನಾಲ್ಕೈದು ಪಟ್ಟು. ದಪ್ಪ ಅಲಗು ಕ್ಯಾರೆಟ್ಟನ್ನು ಕುಯ್ಯುವುದಿಲ್ಲ, ಸೀಳುತ್ತದೆ. ಟೊಮೆಟೊ ಇನ್ನೂ ಕಠಿಣ ಪರೀಕ್ಷಕ, ಅದರ ನುಣುಪು ಸಿಪ್ಪೆಯ ಮುಂದೆ ಉಕ್ಕಿನ ವಂಶಾವಳಿ ನಡೆಯುವುದಿಲ್ಲ. ಪ್ರತ್ಯಕ್ಷ ಪ್ರಮಾಣ ಬೇಕಾದವರು ಬಂಡೀಪುರದ ಕಾಡಿನಂಚಿಗೆ ಹೋಗಬಹುದು. 2009ರಿಂದ ಅಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧ. ವಯನಾಡಿನ ದಾರಿಗೆ ಮದ್ದೂರು, ಊಟಿಯ ದಾರಿಗೆ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್. ತಡವಾಗಿ ಬಂದ ಲಾರಿ ಬೆಳಗಾಗುವವರೆಗೆ ನಿಲ್ಲಲೇಬೇಕು. ಸ್ಟೌವ್ ಹಚ್ಚಿ ಸಾರಿಗೆ ಈರುಳ್ಳಿ, ಟೊಮೆಟೊ ಹೆಚ್ಚುವ ಕ್ಲೀನರ್ ಹುಡುಗನ ಕೈಯಲ್ಲಿ ಸ್ವಿಟ್ಜರ್‌ಲೆಂಡ್ ಇರುವುದಿಲ್ಲ.

ಎರಡನೆಯ ಸೂತ್ರ: ಅಗ್ಗದ ಗರಗಸವೇ ಒಳ್ಳೆಯ ಚಾಕು. ಇದು ವಿರೋಧಾಭಾಸದಂತೆ ಕಂಡರೂ ಲೋಹಶಾಸ್ತ್ರಸಮ್ಮತ. ಹೆಚ್ಚು ಬೆಲೆಯ ‘ಬೈಮೆಟಲ್’ ಅಲಗಿನಲ್ಲಿ ಗಟ್ಟಿಯಾದ ಹೈಸ್ಪೀಡ್ ಉಕ್ಕು ಇರುವುದು ಹಲ್ಲಿನ ಪಟ್ಟಿಯಲ್ಲಿ ಮಾತ್ರ. ಉಳಿದದ್ದು ಬಾಗಲೆಂದು ಕೂಡಿಸಿದ ಮೆತ್ತನೆಯ ಬೆನ್ನು. ಚಾಕು ಮಾಡಲು ಹಲ್ಲು ಸವೆಸಿದರೆ ಕಾಸು ಕೊಟ್ಟ ಭಾಗವೇ ಕಿಡಿಯಾಗಿ ಹಾರಿಹೋಗುತ್ತದೆ. ಪೂರ್ತಿ ಹದ ಕೊಟ್ಟ ಒಂದೇ ಉಕ್ಕಿನ ಹಳೆಯ ಅಲಗಿನಲ್ಲಿ ಹಲ್ಲು ಹೋದರೂ ಗಟ್ಟಿತನ ಉಳಿಯುತ್ತದೆ. ಆದರೆ ಅದು ಸಾದಾ ಇಂಗಾಲದ ಉಕ್ಕಾದರೆ ಸಾಣೆಚಕ್ರದಲ್ಲಿ ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಹದ ಹೋಯಿತು. ಪದೇ ಪದೇ ನೀರಿಗೆ ಅದ್ದಬೇಕು. ಪೂರ್ತಿ ಹೈಸ್ಪೀಡ್ ಉಕ್ಕಿಗೆ ಆ ಭಯ ಕಡಿಮೆ, ಐನೂರು ಡಿಗ್ರಿಯವರೆಗೆ ಅದು ಜಗ್ಗುವುದಿಲ್ಲ. ಆದರೆ ಕೆಳಗೆ ಬಿದ್ದರೆ ಗಾಜು.

ಮೂರನೆಯ ಸೂತ್ರ: ಮಸೆಯುವ ಕಲ್ಲು ಹತ್ತಿರವಿದ್ದವನೇ ಧನಿಕ. ಜಾತ್ರೆ ಚಾಕುವಿನಂಥ ಮೆತ್ತನೆಯ ಅಗ್ಗದ ಉಕ್ಕು ಬೇಗ ಮೊಂಡಾಗುತ್ತದೆ, ನಿಜ. ಹೊಸ್ತಿಲ ಕಲ್ಲಿನ ಮೇಲೆ ಎಂಟು ಸಲ ಎಳೆದರೆ ಮತ್ತೆ ಹರಿತ. ಪಿಂಗಾಣಿ ಲೋಟದ ತಳದ ಒರಟು ಬಳೆಯೂ ಆದೀತು. ವನೇಡಿಯಂ ಉಕ್ಕು ಸುಲಭಕ್ಕೆ ಮೊಂಡಾಗದು. ಆದಾಗ ವಜ್ರದ ಪುಡಿಯ ಕಲ್ಲು ತರಿಸಬೇಕು. ಇಲ್ಲಿ ಜಿಲ್ಲೆಯ ಭೂವಿಜ್ಞಾನವೂ ಬಡವರ ಪರ ಸಾಕ್ಷಿ ಹೇಳುತ್ತದೆ. ಹೊರದೇಶಗಳಿಗೆ ಹೋಗುವ ಚಾಮರಾಜನಗರದ ಹೆಸರಾಂತ ‘ಕರಿ ಗ್ರಾನೈಟ್’ ಶಾಸ್ತ್ರೀಯವಾಗಿ ಗ್ರಾನೈಟೇ ಅಲ್ಲ, ಡಾಲರೈಟ್. ಅದರಲ್ಲಿ ಸ್ಫಟಿಕಶಿಲೆಯ ಕಣ ಅತ್ಯಲ್ಪ. ಹೊಳಪು ಕೊಟ್ಟ ಮೇಲಂತೂ ಅದರ ಮೇಲೆ ಚಾಕು ಜಾರಿಯಾಟ ಆಡುತ್ತದೆ. ಉಕ್ಕಿಗಿಂತ ಗಟ್ಟಿಯಾದ ಆ ಕಣಗಳು ತುಂಬಿರುವುದು ಮನೆಮುಂದೆ ತುಳಿಯುವ ಬೂದು ಬಣ್ಣದ ಒರಟು ಚಪ್ಪಡಿಯಲ್ಲಿ. ಬೆಲೆಬಾಳುವ ಕಲ್ಲು ಮಸೆಯದು, ಕಾಲ ಕೆಳಗಿನದು ಮಸೆಯುತ್ತದೆ.

ಅಭಾವ ವಿಚಾರ

ತಾರ್ಕಿಕರು ಹೇಳುವ ನಾಲ್ಕು ಅಭಾವಗಳೂ ಚಾಕುವಿನಲ್ಲಿ ಸಿದ್ಧಿಸುತ್ತವೆ. ಕೊಳ್ಳುವ ಮುಂಚೆ ಇಲ್ಲದಿರುವುದು ಪ್ರಾಗಭಾವ. ಬ್ಯಾಟರಿಯ ಮುಚ್ಚಳ ಮೀಟಲು ಹೋಗಿ ತುದಿ ಮುರಿದ ಮೇಲೆ ಪ್ರಧ್ವಂಸಾಭಾವ. ಬಸ್ಸಿನಲ್ಲಿ ಮಾವಿನಹಣ್ಣು ಕೈಗೆ ಬಂದ ಗಳಿಗೆಯಲ್ಲಿ ಅತ್ಯಂತಾಭಾವ. ‘ಅಣ್ಣೋ, ಒಸಿ ಚಾಕು ಕುಡಣ್ಣೋ, ಈಗ್ಲೇ ಕೊಟ್ಬುಡ್ತೀನಿ’ ಎಂದು ಪಕ್ಕದ ಜಮೀನಿನವನು ಕೊಂಡೊಯ್ದ ಮೇಲೆ ಅನ್ಯೋನ್ಯಾಭಾವ: ಅವನು ನಮಗೆ ಸಿಗುವುದಿಲ್ಲ, ನಾವು ಅವನನ್ನು ಕೇಳುವುದಿಲ್ಲ.

ಅಗ್ಗದ ಚಾಕುವಿನ ಪರಮಗುಣ ಪ್ರಕಟವಾಗುವುದು ಇಲ್ಲಿಯೇ. ಅದನ್ನು ಕೇಳಿದವರಿಗೆ ಕೊಡಬಹುದು. ಹತ್ತು ಸಾವಿರದ ಚಾಕು ಇಟ್ಟುಕೊಂಡವನು ಯಾರಾದರೂ ಕೇಳಿದ ಕೂಡಲೇ ಜೇಬು ತಡವಿ ‘ತಂದಿಲ್ಲ’ ಎನ್ನುತ್ತಾನೆ. ಒಂದು ಚಾಕುವಿಗೋಸ್ಕರ ಒಳ್ಳೆಯ ಮನುಷ್ಯ ಸುಳ್ಳುಗಾರನಾಗುವುದು ದುಬಾರಿ ಉಕ್ಕಿನ ಲಕ್ಷಣದೋಷಗಳಲ್ಲಿ ಪ್ರಧಾನವಾದುದು.

ಧರ್ಮಶಾಸ್ತ್ರ

ಕಾನೂನಿನ ಭಯವುಳ್ಳವರಿಗೆ ಸಮಾಧಾನ. 1959ರ ಆಯುಧ ಕಾಯ್ದೆಯಡಿ ಬಂದ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲ ಇರುವ ಅಲಗನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಮನೆಗೆಲಸ, ಬೇಸಾಯಕ್ಕೆಂದು ಮಾಡಿದವನ್ನು ಬಿಡುತ್ತವೆ. ಸಿನಿಮಾ ಖಳರ ನೆಚ್ಚಿನ ರಾಂಪುರಿ ಚಾಕು ತಲೆನೋವು ತಂದುಕೊಂಡದ್ದು ಉದ್ದದಿಂದ. ಅರ್ಧ ಆಕ್ಸಾ ಬ್ಲೇಡು ಆರೇ ಅಂಗುಲ, ಅಗಲ ಅರ್ಧ ಅಂಗುಲ. ಹಾಗೆಂದು ವಿಮಾನಕ್ಕೋ ಮೆಟ್ರೋಗೋ ತೆಗೆದುಕೊಂಡು ಹೋಗಿ, ಈ ಪ್ರಬಂಧವನ್ನು ಪ್ರಮಾಣವಾಗಿ ತೋರಿಸಬೇಡಿ.

ನಿರ್ಣಯ

ಚಾಕುವಿನ ಗುಣ ಬೆಲೆಯಲ್ಲಿಲ್ಲ. ತೆಳುವಿನಲ್ಲಿದೆ, ಹದದಲ್ಲಿದೆ, ಹತ್ತಿರದ ಕಲ್ಲಿನಲ್ಲಿದೆ, ಕೇಳಿದವರಿಗೆ ಕೊಡುವ ಧೈರ್ಯದಲ್ಲಿದೆ. ಇದನ್ನು ಓದಿದವರಿಗೆ ಪುಣ್ಯ ಬಾರದಿದ್ದರೂ ಟೊಮೆಟೊ ಅಪ್ಪಚ್ಚಿಯಾಗದು. ಓದುಗರಲ್ಲಿ ಒಂದೇ ವಿನಂತಿ: ನಿಮ್ಮ ನೇಲ್ ಕಟರಿನ ಹೊಟ್ಟೆಯಲ್ಲಿರುವ ಚಾಕುವನ್ನು ಇವತ್ತೇ ಹೊರಗೆಳೆಯಿರಿ, ಹೊರಗಿನ ಒರಟು ಕಲ್ಲಿಗೆ ನಾಲ್ಕು ಸಲ ಉಜ್ಜಿ, ಒಂದು ನಿಂಬೆಹಣ್ಣು ಕುಯ್ದು ನೋಡಿ. ಬರುವ ಆಯುಧಪೂಜೆಗೆ ಅದಕ್ಕೂ ಒಂದು ಬೊಟ್ಟು ಕುಂಕುಮ ಇಡಿ, ಖರ್ಚೇನೂ ಇಲ್ಲ.