ಮೂರಂಕಿಯ ಜವಾಬು

ಇಂಟರ್ನೆಟ್ಟಿನಲ್ಲಿ 404 ಕಂಡೊಡನೆ ಜನ ಹುಬ್ಬು ಗಂಟಿಕ್ಕುತ್ತಾರೆ. ನನಗೋ ಅದರ ಮೇಲೆ ಬಲು ಗೌರವ. ನೀನು ಕೇಳಿದ ಪುಟ ಇಲ್ಲಿಲ್ಲ, ಮಾತು ಮುಗಿಯಿತು. ನಮ್ಮಲ್ಲಿ ಸಾಲ ಕೇಳಿದವನಿಗೆ ‘ನೋಡೋಣ’, ಮದುವೆಗೆ ಕರೆದವನಿಗೆ ‘ಖಂಡಿತ ಪ್ರಯತ್ನ ಮಾಡ್ತೀನಿ’. ‘ಇಲ್ಲ’ ಅನ್ನುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತೇವೆ.

ಈ ಜ್ಞಾನವೆಲ್ಲ ನನಗೆ ಬಂದದ್ದು ತಮ್ಮನ ಮಗಳಿಂದ. ಯಾವುದೋ ಕಂಪನಿಯ ಸರ್ವರ್‌ಗಳನ್ನು ಹಗಲಿರುಳು ಕಾಯುವುದು ಅವಳ ಕೆಲಸ. ಸಾರನ್ನ ಕಲಸುತ್ತಲೇ ಫೋನಿನಲ್ಲಿ, “502 ಬರ್ತಿದೆಯಾ, 504 ಬರ್ತಿದೆಯಾ, ಸರಿಯಾಗಿ ನೋಡು” ಎಂದು ಯಾರನ್ನೋ ಗದರುತ್ತಾಳೆ. ಏನಮ್ಮ ವ್ಯತ್ಯಾಸ ಎಂದೆ. “ಎರಡೂ ಮುಂದಿರೋ ಸರ್ವರ್ ಹಿಂದಿರೋದರ ಮೇಲೆ ಹೇಳೋ ಚಾಡಿ, ದೊಡ್ಡಪ್ಪ. 502 ಅಂದ್ರೆ ಕೇಳಿದ್ದಕ್ಕೆ ಅದು ಏನೇನೋ ಬಡಬಡಿಸಿತು. 504 ಅಂದ್ರೆ ಬಾಯೇ ಬಿಡಲಿಲ್ಲ.”

ಮೊದಲ ಅಂಕಿ ನೋಡಿದರೆ ಸಾಕಂತೆ. 2 ಇದ್ದರೆ ಕೆಲಸ ಆಯಿತು, 3 ಇದ್ದರೆ ಸಾಮಾನ್ಯವಾಗಿ ಬೇರೆ ವಿಳಾಸಕ್ಕೆ ನಡೆ, 4 ಇದ್ದರೆ ತಪ್ಪು ನಿನ್ನದು, 5 ಇದ್ದರೆ ತಪ್ಪು ನನ್ನದು. ತನ್ನ ತಪ್ಪು ಒಪ್ಪಿಕೊಳ್ಳಲಿಕ್ಕೇ ನೂರು ಅಂಕಿ ಕಾದಿರಿಸಿಕೊಂಡ ಬೇರೊಂದು ವ್ಯವಸ್ಥೆಯನ್ನು ನಾನಂತೂ ಕಂಡಿಲ್ಲ. 1991ರಲ್ಲಿ ಟಿಮ್ ಬರ್ನರ್ಸ್-ಲೀ ಬರೆದಿಟ್ಟ ವೆಬ್ ಮಾತುಕತೆಯ ನಿಯಮದ, ಅಂದರೆ ಎಚ್‌ಟಿಟಿಪಿಯ, ಮೊದಲ ರೂಪದಲ್ಲಿ ಈ ಅಂಕಿಗಳು ಇರಲೇ ಇಲ್ಲ. ಎಡವಟ್ಟಾದರೆ ಅದೂ ಒಂದು ಮಾಮೂಲಿ ಪುಟದ ವೇಷದಲ್ಲೇ ಬರುತ್ತಿತ್ತು, ಓದಿ ತಿಳಿದುಕೊಳ್ಳಬೇಕು.

4ರ ಮನೆತನದಲ್ಲೇ ನಿಜವಾದ ಸ್ವಾರಸ್ಯ. 401 ‘ಮೊದಲು ನೀನು ಯಾರು ಹೇಳು’ ಎನ್ನುತ್ತದೆ. 403 ‘ಯಾರಾದರೂ ಆಗಿರು, ಒಳಗೆ ಬಿಡೆನು’. 410 ಇನ್ನೂ ಖಡಕ್: ಇತ್ತು, ಹೋಯಿತು, ಮತ್ತೆ ಬರುವ ಹಾಗೆ ಕಾಣೆ. ಆದರೆ ನಾನು ಅಷ್ಟು ಗೌರವಿಸುವ 404 ಕೂಡ ಒಮ್ಮೊಮ್ಮೆ ಸುಳ್ಳು ಹೇಳುತ್ತದೆ! ಪ್ರೋಗ್ರಾಮರುಗಳು ಕೋಡ್ ಇಡುವ ಗಿಟ್‌ಹಬ್‌ನಲ್ಲಿ ಪರರ ಖಾಸಗಿ ಕಡತಕ್ಕೆ ಕೈ ಹಾಕಿದರೆ 403 ಬಾರದೆ 404 ಬರುವುದುಂಟು. ಬಾಗಿಲಿಗೆ ಬಂದ ಸಾಲಗಾರನಿಗೆ ‘ಅಪ್ಪ ಮನೇಲಿಲ್ಲ’ ಎಂದು ಮಗುವಿನ ಬಾಯಲ್ಲಿ ಹೇಳಿಸಿದ ಹಾಗೆ. ನಿಯಮವೇ ಇದಕ್ಕೆ ಅನುಮತಿ ಕೊಟ್ಟಿದೆ. ‘ಬಿಡೆನು’ ಎಂದರೆ ಒಳಗೇನೋ ಇದೆಯೆಂದು ಗೊತ್ತಾಗಿಬಿಡುತ್ತದಲ್ಲ.

402ರ ಪಾಡು ಕೇಳಬೇಡಿ. ‘ಕಾಸು ಬಿಚ್ಚು’ ಎಂಬ ಅರ್ಥ ಹೊತ್ತು ಹುಟ್ಟಿ, ಮುಂದೆಂದಾದರೂ ಬೇಕಾದೀತೆಂದು ಇವತ್ತಿಗೂ ಮೀಸಲಿನಲ್ಲೇ ಕೂತಿದೆ. ಅದಕ್ಕಿಂತ 418 ಅದೃಷ್ಟವಂತ. 1998ರ ಏಪ್ರಿಲ್ 1ರಂದು ಲ್ಯಾರಿ ಮಾಸಿಂಟರ್ ತಮಾಷೆಗೆ ಬರೆದ ನಿಯಮವದು: ಚಹಾದ ಹೂಜಿಗೆ ಕಾಫಿ ಮಾಡು ಎಂದರೆ ‘ನಾನು ಚಹಾದ ಹೂಜಿ’ ಎಂದು 418 ಕೊಡಬೇಕು. 2017ರಲ್ಲಿ ಇದನ್ನು ಕಿತ್ತುಹಾಕಲು ಹೊರಟಾಗ ಪ್ರೋಗ್ರಾಮರುಗಳು ಎದ್ದು ಕೂತು ಉಳಿಸಿಕೊಂಡರು. ಫಿಲ್ಟರ್ ಕಾಫಿಯವನಾದರೂ ನಾನು ಹೂಜಿಯ ಪಕ್ಷ.

ತಮ್ಮನ ಮಗಳಿಗೆ ಇದ್ಯಾವುದರ ಮೇಲೂ ಸಿಟ್ಟಿಲ್ಲ. ಅವಳ ಮೈ ಉರಿಸುವುದು 200. ಹೊರಗಡೆ ‘ಎಲ್ಲ ಸರಿ’ ಎನ್ನುವ 200, ಬಿಚ್ಚಿ ನೋಡಿದರೆ ಒಳಗೆ ‘ಏನೋ ತಪ್ಪಾಗಿದೆ’ ಎಂಬ ಒಕ್ಕಣೆ. ಪರದೆಯ ಮೇಲೆಲ್ಲ ಹಸಿರು ದೀಪ, ಗಿರಾಕಿಗಳ ಬಾಯಲ್ಲಿ ಬೈಗುಳ. “ಇದನ್ನ ಬರೆದೋರು ಸಿಕ್ಕಲಿ” ಎಂದು ಹಲ್ಲು ಕಡಿಯುತ್ತಾಳೆ. ಬರೆದವರು ನಮ್ಮವರೇ ಯಾರೋ ಇರಬೇಕು ಅಂತ ನನ್ನ ಗುಮಾನಿ.

ಮೊನ್ನೆ ಫೋನ್ ಮಾಡಿ, ಗೌರಿ ಹಬ್ಬಕ್ಕಾದರೂ ಊರಿಗೆ ಬರ್ತೀಯೇನೇ ಎಂದೆ.

“503, ದೊಡ್ಡಪ್ಪ. ವಿಪರೀತ ಕೆಲಸ.”

503ರ ಜೊತೆಗೆ, ಎಷ್ಟು ಹೊತ್ತು ಬಿಟ್ಟು ಮತ್ತೆ ಕೇಳಬೇಕು ಎಂದು ತಿಳಿಸುವ ‘ರಿಟ್ರೈ ಆಫ್ಟರ್’ ಎಂಬ ಸಾಲೂ ಇರುತ್ತದೆಂದು ಅವಳೇ ಕಲಿಸಿದ್ದಳು. ಅದೆಲ್ಲಿ ಎಂದು ಕೇಳಿದೆ.

“ಅದು ಕಡ್ಡಾಯ ಅಲ್ಲ” ಎಂದು ಫೋನ್ ಇಟ್ಟಳು.